ಅಜ್ಜಿಯ ಹೊಗೆ, ನೀಲಿಯ ಉಸಿರು

ನಮ್ಮ ಮನೆಯವರು ಥಂಡಿಗೆ ಹೆದರಿದಷ್ಟು ಹಾವಿಗೂ ಹೆದರಲಿಲ್ಲ. ಬಳ್ಳಾರಿ ಸೀಮೆಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನ ಊರಿನವರು ಆಡಿಕೊಳ್ಳುತ್ತಾರೆ. ಅವರು ಆ ವರ್ಷಗಳಲ್ಲಿ ಕುರುಗೋಡಿನ ನಮ್ಮ ಮನೆಗೆ ಬಂದಿದ್ದರೆ ಏನನ್ನುತ್ತಿದ್ದರೋ. ಹೊರಗೆ ಗುಡ್ಡದ ಬಂಡೆ ಕಾಲಿಡಲಾಗದಂತೆ ಸುಡುವಾಗಲೂ ನಮ್ಮಲ್ಲಿ ಕಿಟಕಿ ಮುಚ್ಚಿರುತ್ತಿತ್ತು, ಮಾಳಿಗೆಯಲ್ಲಿ ಗಾಳಿ ಬೆಳಕಿಗೆಂದು ಬಿಟ್ಟ ಗವಾಕ್ಷಿಯ ಮೇಲೆ ಕಲ್ಲಿನ ಚಪ್ಪಡಿ ಕೂತಿರುತ್ತಿತ್ತು. ಐದು ವರ್ಷದ ನನ್ನ ತಂಗಿ ನೀಲಿ ಕಿವಿಗೆ ಹತ್ತಿ ತುರುಕಿಸಿಕೊಂಡು, ತಲೆಗೆ ಕುಲಾಯಿ ಕಟ್ಟಿಸಿಕೊಂಡು, ಬೆವರುತ್ತ ಮೂಲೆಯಲ್ಲಿ ಕೂತಿರುತ್ತಿದ್ದಳು. ನೀಲಿಗೆ ದಮ್ಮು ಇತ್ತು. ದಮ್ಮು ಬರುವುದು ಥಂಡಿಯಿಂದಲೇ ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ, ಕಟ್ಟಿಹಾಕಿದ ಎತ್ತುಗಳಿಗೂ, ಅನುಮಾನ ಇರಲಿಲ್ಲ.

ಆಗ ನನಗೆ ಹತ್ತು ವರ್ಷ. ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ನಾನು ಮಾಡುತ್ತಿದ್ದ ಕೆಲಸ ನೀಲಿಯ ಬೆನ್ನಿಗೆ ಕಿವಿ ಹಚ್ಚುವುದು. ಒಳಗೆ ಬೆಕ್ಕಿನ ಮರಿ ಕೂತಂತೆ ಗೊರಗೊರ ಸದ್ದು ಕೇಳಿದರೆ ಆ ದಿನ ಸಾಲೆಯಲ್ಲಿ ನನಗೆ ಕರಿ ಹಲಗೆಯ ಅಕ್ಷರ ಕಾಣುತ್ತಿರಲಿಲ್ಲ. ಸದ್ದು ಕೇಳದಿದ್ದರೆ ಇನ್ನೂ ಭಯ. ಉಸಿರೇ ನಿಂತಿದೆಯೇನೋ ಎಂದು ಅಲ್ಲಾಡಿಸಿ ಎಬ್ಬಿಸುತ್ತಿದ್ದೆ; ಅವಳು ಅಳುತ್ತಿದ್ದಳು, ಅವ್ವ ನನ್ನ ಬೆನ್ನಿಗೊಂದು ಬಿಗಿಯುತ್ತಿದ್ದಳು. ಇವತ್ತಿಗೂ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಮೂಗೇರಿಸಿ ಹೊಗೆ ಇದೆಯೋ ಎಂದು ನೋಡುತ್ತೇನೆ. ಮೊಮ್ಮಕ್ಕಳು ಮಲಗಿದ ಕೋಣೆಯಲ್ಲಿ ಊದುಬತ್ತಿ ಕಂಡರೆ ಕಿತ್ತು ಅಂಗಳಕ್ಕೆ ಎಸೆಯುತ್ತೇನೆ. ನನ್ನ ಸೊಸೆ ನನಗೆ ಪೊಲೀಸತ್ತೆ ಎಂದು ಹೆಸರಿಟ್ಟಿದ್ದಾಳೆ. ಇಡಲಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ನನ್ನದು ಹುಟ್ಟುಗುಣವಲ್ಲ, ಆ ಮನೆ ಹಚ್ಚಿದ್ದು, ಆದರೂ ಹೋಗುವಂತೆ ಕಾಣುವುದಿಲ್ಲ.

ಮನೆ ದೊಡ್ಡದು, ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲೇರಿದರೆ ಪಡಸಾಲೆ, ಅದರ ಎಡಕ್ಕೆ ಅಡುಗೆ ಮನೆ, ಬಲಕ್ಕೆ ಹತ್ತಿ ಕೋಣೆ. ಬಿಡಿಸಿ ತಂದ ಹತ್ತಿಯನ್ನು ಅಪ್ಪ ಕೂಡಲೇ ಬಳ್ಳಾರಿಗೆ ಸಾಗಿಸುತ್ತಿರಲಿಲ್ಲ. ಧಾರಣೆ ಏರಲಿ ಎಂದು ಆ ಕೋಣೆಯಲ್ಲಿ ಎದೆಮಟ್ಟ ತುಂಬಿಡುತ್ತಿದ್ದ. ಊರಲ್ಲಿ ಹತ್ತಿ ಬೆಳೆದವರೆಲ್ಲ ಹಾಗೆಯೇ ಮಾಡುತ್ತಿದ್ದರು. ಇಡೀ ಮನೆಯಲ್ಲಿ ಬೆಚ್ಚಗಿನ ಜಾಗ ಅದು. ಅಂದ ಮೇಲೆ ದಮ್ಮಿನ ಕೂಸಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಎಲ್ಲಿದೆ? ಹತ್ತಿಯಲ್ಲಿ ಗುಳಿ ಮಾಡಿ, ಹಳೆಯ ಸೀರೆ ಹಾಸಿ, ನೀಲಿಯನ್ನು ಅದರೊಳಗೆ ಮಲಗಿಸಿ, ಮೇಲೆ ಅಜ್ಜಿಯ ಕೌದಿ ಹೊದಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ನನ್ನ ಮೇಲೂ ಪ್ರೀತಿ ಉಕ್ಕಿದ ದಿನ ನನ್ನನ್ನೂ ಜೊತೆಗೆ ಮಲಗಿಸುತ್ತಿದ್ದರು. ಬೆಳಗಾದರೆ ಇಬ್ಬರ ಮೂಗಿನಲ್ಲೂ ಬಿಳಿ ನಾರು. ನನಗೆ ನಾಲ್ಕು ಸೀನು ಬಂದು ಮುಗಿಯುತ್ತಿತ್ತು, ನೀಲಿಗೆ ದಮ್ಮು ಹತ್ತುತ್ತಿತ್ತು.

ದಮ್ಮು ಹತ್ತಿತೆಂದರೆ ಅಜ್ಜಿಯ ಕೆಲಸ ಶುರು. ಅಪ್ಪನ ತಾಯಿ ಬಸಮ್ಮಜ್ಜಿ ಓಣಿಗೆಲ್ಲ ಬೇಕಾದವಳು. ಹುಟ್ಟಿದ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವವಳು, ಎರೆದ ಮೇಲೆ ಹೊಗೆ ಹಾಕುವವಳು ಅವಳೇ. ಒಡೆದ ಗಡಿಗೆಯ ತಳದಲ್ಲಿ ಸಗಣಿ ಕುಳ್ಳಿನ ಕೆಂಡ, ಅದರ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಹೊಗೆ ಆಡುವಾಗ ಕೂಸನ್ನು ಹಿಂದೆ ಮುಂದೆ ತಿರುಗಿಸಿ ಹಿಡಿಯುವಳು. ಅವಳ ಕೈಗುಣ ಒಳ್ಳೆಯದೆಂದು ಬಸವೇಶ್ವರ ಗುಡಿಯ ಆಚೆಯ ಓಣಿಗಳಿಂದಲೂ ಬಾಣಂತಿಯ ಮನೆಯವರು ಕರೆಯಲು ಬರುತ್ತಿದ್ದರು. ನೀಲಿಗೆ ಮಾತ್ರ ಹೆಚ್ಚಿನ ಸೇವೆ. ಕೆಂಡದ ಮುಂದೆ ಕೂರಿಸಿ, ಹೊಗೆ ಪೋಲಾಗದಿರಲೆಂದು ತಲೆಯ ಮೇಲಿಂದ ಸೀರೆ ಮುಚ್ಚಿ, ತಾನೂ ಅದರೊಳಗೆ ತಲೆ ತೂರಿಸಿ ಕೂರುತ್ತಿದ್ದಳು.

"ಎಳಕೋ ನನ್ನವ್ವ, ಒಳಗ ಎಳಕೋ. ಕಫ ಕರಗತೈತಿ."

ನೀಲಿ ಕೆಮ್ಮಿ ಕೆಮ್ಮಿ ಒಂದಿಷ್ಟು ಕಫ ಕಾರಿದರೆ ಅಜ್ಜಿಯ ಮುಖ ಅರಳುತ್ತಿತ್ತು. ಆಮೇಲೆ ದಮ್ಮು ಇಮ್ಮಡಿಯಾದರೆ ಅದು ಥಂಡಿಯ ತಪ್ಪು. ಎಲ್ಲಿಂದಲೋ ಗಾಳಿ ನುಗ್ಗಿದೆ ಎಂದು ಇದ್ದಬದ್ದ ಸಂದಿಗೆಲ್ಲ ಬಟ್ಟೆ ತುರುಕುತ್ತಿದ್ದರು. ಒಲೆಯ ಹೊಗೆ ಹೋಗಲೆಂದು ಹಿರಿಯರು ಬಿಟ್ಟಿದ್ದ ಅಡುಗೆ ಮನೆಯ ಗವಾಕ್ಷಿಗೂ ಅಷ್ಟು ಹೊತ್ತಿಗೆ ಚಪ್ಪಡಿ ಬಿದ್ದಿರುತ್ತಿತ್ತು.

ಒಂದು ಸಲ ಅವ್ವ ಖಾರಕ್ಕೆಂದು ಮೆಣಸಿನಕಾಯಿ ಹುರಿದಾಗ ನೀಲಿಯ ತುಟಿ ನೇರಳೆಯಾಗಿ, ಕುತ್ತಿಗೆಯ ಗುಳಿ ಒಳಕ್ಕೆ ಎಳೆದುಕೊಂಡಿತು. ಅಪ್ಪ ಅವಳನ್ನು ಬಳ್ಳಾರಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಸೂಜಿ ಹಾಕಿ, ಮಾತ್ರೆ ಕೊಟ್ಟು, ಆಮೇಲೆ ಬಹಳ ಹೊತ್ತು ಮನೆಯ ಸುದ್ದಿ ಕೇಳಿದರಂತೆ. ಎಲ್ಲಿ ಮಲಗುತ್ತಾಳೆ, ಒಲೆ ಎಲ್ಲಿದೆ, ಕಿಟಕಿ ಎಷ್ಟು. ರೋಗ ಕೇಳುವುದು ಬಿಟ್ಟು ಹೆಣ್ಣು ನೋಡಲು ಬಂದ ಬೀಗರಂತೆ ಮನೆ ವಿಚಾರಿಸುತ್ತಾನೆ ಎಂದು ಅಪ್ಪನಿಗೆ ಸಿಟ್ಟು ಬಂದಿತ್ತು. ಡಾಕ್ಟರು ಕೊನೆಗೆ ಅಂದದ್ದನ್ನು ಅವನು ಮನೆಗೆ ಬಂದು ನಮಗೆ ಹೇಳಿದ:

"ಮಾತ್ರಿ ನಾ ಕೊಡ್ತೀನಿ. ನಿಮ್ಮ ಮನಿ ಝಾಡಸಾಕ ನಾ ಬರಾಕಾಗಂಗಿಲ್ಲ. ನಿಮ್ಮೂರಿಗೆ ಬರೋ ನರ್ಸಮ್ಮಗ ಚೀಟಿ ಬರದೀನಿ, ಆಕಿ ಹೇಳಿದಂಗ ಕೇಳ್ರಿ."

ನರ್ಸಮ್ಮ ಎಂದರೆ ಎಸ್ತರಮ್ಮ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮನೆ; ಬುಧವಾರಕ್ಕೊಮ್ಮೆ ಕಪ್ಪು ಕೊಡೆ, ಕಪ್ಪು ಚೀಲ ಹಿಡಿದು ನಮ್ಮೂರ ಬಸ್ಸಿಳಿಯುತ್ತಿದ್ದರು. ಆ ಕೊಡೆ ಕಂಡರೆ ಮಕ್ಕಳು ಸೂಜಿಗೆ ಹೆದರಿ, ಹೆಂಗಸರು ಮಕ್ಕಳಾಗದ ಆಪರೇಷನ್ ಮಾತಿಗೆ ಹೆದರಿ ಒಳಗೆ ಓಡುತ್ತಿದ್ದರು. ಅವರು ಬಂದು ನಮ್ಮ ಮನೆಯನ್ನು ಮೂಲೆಮೂಲೆ ಸುತ್ತಿದರು. ಹತ್ತಿ ಕೋಣೆಯಲ್ಲಿ ನೀಲಿಯ ಗುಳಿಗೆ ಕೈ ಹಾಕಿ, ಅಂಗೈಗೆ ಅಂಟಿದ ನಾರು ನೋಡಿದರು. ಓಣಿಯಲ್ಲಿ ದಮ್ಮಿನ ಮಕ್ಕಳು ಇನ್ನೂ ಕೆಲವರಿದ್ದರು. ಬಸಮ್ಮನ ಮನೆಯೆಂದರೆ ಎಲ್ಲರೂ ಬರುತ್ತಾರೆಂದು, ಮುಂದಿನ ಬುಧವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲೇ ಹೆಂಗಸರನ್ನು ಸೇರಿಸಿದರು. ಅಜ್ಜಿ ಹಿಗ್ಗಿನಿಂದ ತಾನೇ ನೆಲ ಸಾರಿಸಿ, ತಾನೇ ಚಾಪೆ ಹಾಸಿದಳು.

ಎಸ್ತರಮ್ಮ ಮೊದಲು ಕಿಟಕಿ ಮುಚ್ಚಿಸಿದರು. ಆಮೇಲೆ ಅಪ್ಪನನ್ನು ಮಾಳಿಗೆ ಹತ್ತಿಸಿ ಪಡಸಾಲೆಯ ಗವಾಕ್ಷಿಯ ಚಪ್ಪಡಿ ಸರಿಸಲು ಹೇಳಿದರು. ಕತ್ತಲ ಪಡಸಾಲೆಯ ನಡುವೆ ಬಿಸಿಲು ಕಂಬದಂತೆ ಇಳಿಯಿತು. ಹಗ್ಗದ ಮೇಲಿದ್ದ ಅಜ್ಜಿಯ ಕೌದಿಯನ್ನು ಅವರು ಎಳೆದುಕೊಂಡು, ಆ ಬೆಳಕಿನಲ್ಲಿ ಒಂದೇ ಸಲ ಝಾಡಿಸಿದರು.

"ಚೂಡಂಡಮ್ಮಾ, ನೋಡ್ರಿ. ನಿಮ್ಮ ಮಕ್ಕಳು ಉಸಿರಿನ್ಯಾಗ ಎಳಕೊಳ್ಳೋದು ಇದನ್ನ."

ಬೆಳಕಿನ ತುಂಬ ಧೂಳು, ನಾರು. ಅದು ಇಳಿಯಲೇ ಇಲ್ಲ, ಮೇಲೆ ಕೆಳಗೆ ಆಡುತ್ತಲೇ ಇತ್ತು. ಹೆಂಗಸರು ಸೆರಗು ಮೂಗಿಗೆ ಹಿಡಿದರು. ಹಿಂದಿನಿಂದ ಯಾರೋ ಮೆಲ್ಲಗೆ ಅಂದರು:

"ಬಸಮ್ಮನ ಮನ್ಯಾಗ ಇಷ್ಟು ಧೂಳೇನು?"

"ಇದು ಬಸಮ್ಮನ ಮನೀದಷ್ಟ ಅಲ್ಲ. ನಿಮ್ಮ ಮನ್ಯಾಗೂ ಐತಿ, ನಮ್ಮ ಮನ್ಯಾಗೂ ಐತಿ, ಕಾಣಂಗಿಲ್ಲ ಅಷ್ಟ," ಎಂದರು ಎಸ್ತರಮ್ಮ. "ಈ ಧೂಳು, ಆ ಹತ್ತಿ ನಾರು, ಒಲಿ ಹೊಗಿ, ಲೋಬಾನದ ಹೊಗಿ, ಇವೆಲ್ಲ ದಮ್ಮಿನ ಮಕ್ಕಳ ಎದಿ ಹಿಂಡ್ತಾವು. ನೀವು ಥಂಡಿ ಅಂತ ಗವಾಕ್ಷಿ ಮುಚ್ಚಿ ಎಲ್ಲಾನೂ ಒಳಗ ಕೂಡಿ ಹಾಕ್ತೀರಿ."

"ಹಂಗಾದ್ರ ಬಸಮ್ಮ ಇಷ್ಟು ವರ್ಷ ನಮ್ಮ ಮಕ್ಕಳಿಗೆ ಹೊಗಿ ಹಾಕಿದ್ದು?" ಎಂದು ಎದುರು ಮನೆಯ ಶಾಂತಮ್ಮ ಕೇಳಿದಳು.

"ಒಳ್ಳೇದಾಗಲಿ ಅಂತನ ಹಾಕ್ಯಾರ. ಒಳ್ಳೇದಾಗಿಲ್ಲ."

ಅಜ್ಜಿ ಎದ್ದು ಅಡುಗೆ ಮನೆಗೆ ಹೋದಳು. ಯಾರೂ ತಡೆಯಲಿಲ್ಲ. ಸಂಜೆ ರೊಟ್ಟಿಯ ತಾಟಿನ ಮುಂದೆ ಜಗಳ ಬಿತ್ತು. ನಾನು ನೀಲಿಯ ಪಕ್ಕ ಕೂತು ಅವಳ ಉಸಿರನ್ನೇ ಕೇಳುತ್ತಿದ್ದೆ, ಜೋರು ಮಾತಾದರೂ ಅವಳಿಗೆ ದಮ್ಮು ಹತ್ತುತ್ತಿತ್ತು.

"ಓಣಿ ಮಕ್ಕಳನ್ನೆಲ್ಲ ಈ ಕಾಲ ಮ್ಯಾಲೆ ಹಾಕ್ಕೊಂಡು ಎರದೀನಿ," ಎಂದಳು ಅಜ್ಜಿ. "ನಿನ್ನೆ ಮೊನ್ನೆ ಬಂದಾಕಿ ನನ್ನ ಕೌದಿ ಓಣಿ ಮುಂದ ಝಾಡಿಸಿದ್ಲು."

"ಯವ್ವಾ, ಕೂಸಿಗಿಂತ ಕೌದಿ ದೊಡ್ಡದೇನು?" ಎಂದ ಅಪ್ಪ.

"ಕೂಸು ದೊಡ್ಡದು ಅಂತನ ಹೊಗಿ ಹಾಕ್ತಿದ್ನೆಪ್ಪ."

"ಇನ್ನ ಮ್ಯಾಲೆ ಹಾಕಬ್ಯಾಡ."

ಅಜ್ಜಿ ತಾಟು ಸರಿಸಿ ಎದ್ದಳು. ಅಪ್ಪ ಸುಮ್ಮನೆ ಮಾತಿಗೆ ಅಂದದ್ದಲ್ಲ. ಹತ್ತಿ ಹಿತ್ತಲಿನ ತಗಡಿನ ಶೆಡ್ಡಿಗೆ ಹೋಯಿತು. ಗವಾಕ್ಷಿಗಳು ತೆರೆದವು. ಮೆಣಸಿನಕಾಯಿ ಹುರಿಯುವುದು ಹೊರಗೆ, ಗಾಳಿ ನೋಡಿ. ಕೌದಿಗಳು ವಾರಕ್ಕೊಮ್ಮೆ ಮಾಳಿಗೆಯ ಮೇಲೆ ಬಿಸಿಲು ಕಾಯತೊಡಗಿದವು. ಒಂದು ತಿಂಗಳಿಗೆ ನೀಲಿಯ ಬೆನ್ನಿನೊಳಗಿನ ಬೆಕ್ಕು ಎಲ್ಲೋ ಹೋಯಿತು. ಅವಳು ಓಡಿದಳು, ನನ್ನ ಜಡೆ ಹಿಡಿದು ಎಳೆದಳು. ನಾನು ಸುಖಪಡಬೇಕಿತ್ತು. ಪಡಲಿಲ್ಲ. ಅಜ್ಜಿಯನ್ನು ಬಾಣಂತಿಯ ಮನೆಗಳಿಗೆ ಕರೆಯಲು ಬರುವವರು ಕಡಿಮೆಯಾದರು, ಬಂದರೂ ಎರೆಯಲು ಮಾತ್ರ. ಅವಳು ಹೊರಗಿನ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಳು. ನೀಲಿ ತೆಳ್ಳಗಾದಳು, ಮೈಯ ಕಾವು ಹೋಯಿತು ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಸಾಲೆಯಿಂದ ಬಂದವಳು ನಾನು ನೀಲಿಗಿಂತ ಮೊದಲು ಅವಳ ಮುಖ ನೋಡುತ್ತಿದ್ದೆ. ಒಂದು ಭಯ ಹೋಗಿ ಇನ್ನೊಂದು ಬಂದು ಕೂತಿತ್ತು.

ಆ ದಿನಗಳಲ್ಲೇ ಸಿರುಗುಪ್ಪದಲ್ಲಿ, ಅವ್ವನ ತವರಿನಲ್ಲಿ, ಅವಳ ತಂಗಿ ನಮ್ಮ ಚಿಕ್ಕಮ್ಮನ ಕುಬಸ ಬಂತು. ಬಸುರಿಗೆ ಹಸಿರು ಸೀರೆ, ಬಳೆ ಇಟ್ಟು ಆರತಿ ಮಾಡುವ ಆ ಕಾರ್ಯಕ್ಕೆ ಅಪ್ಪ ಅವ್ವ ಇಬ್ಬರೂ ಹೋಗಬೇಕಿತ್ತು. ನೀಲಿಗೆ ಸಣ್ಣಗೆ ನೆಗಡಿಯಾಗಿದ್ದರಿಂದ ನಮ್ಮಿಬ್ಬರನ್ನೂ ಅಜ್ಜಿಯ ಹತ್ತಿರ ಬಿಟ್ಟು ಹೋದರು. ಅವರ ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಅಜ್ಜಿ ತನ್ನ ಟ್ರಂಕಿನ ತಳದಿಂದ ಲೋಬಾನದ ಗಂಟು ತೆಗೆದಳು.

"ನಿಮ್ಮವ್ವಗ ಹೇಳಬ್ಯಾಡ. ಒಂದ ಚೂರು. ನೆಗಡಿ ಎದಿಗಿಳಿಯೋದು ತಪ್ಪತೈತಿ."

ನಾನು ಬೇಡ ಅನ್ನಲಿಲ್ಲ. ಎಸ್ತರಮ್ಮ ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿತ್ತು, ಸಾಲೆಯಲ್ಲಿ ಗೆಳತಿಯರಿಗೆ ಹೇಳಿ ಜಂಬ ಪಟ್ಟವಳು ನಾನು. ಆದರೆ ತಿಂಗಳುಗಳ ಮೇಲೆ ಅಜ್ಜಿಯ ಮುಖದಲ್ಲಿ ಗೆಲುವು ಕಂಡಿತ್ತು. ಆ ವಾಸನೆ ನನಗೂ ಬೇಕಾಗಿತ್ತು. ಅದು ಇಲ್ಲದ ಮನೆ ನಮ್ಮ ಮನೆ ಅನ್ನಿಸುತ್ತಲೇ ಇರಲಿಲ್ಲ. ಆ ದಿನ ಸ್ವಲ್ಪವೇ ಹಾಕಿದಳು, ನೀಲಿ ಅಜ್ಜಿಯ ತೊಡೆಯ ಮೇಲೆ ತಣ್ಣಗೆ ನಿದ್ದೆ ಹೋದಳು. ನೋಡಿದೆಯಾ ಎಂಬಂತೆ ಅಜ್ಜಿ ನನ್ನ ಕಡೆ ನೋಡಿದಳು. ಮರುದಿನ ಊಟವಾದ ಮೇಲೆ ಕೆಂಡ ಹೆಚ್ಚಾಯಿತು, ಲೋಬಾನವೂ ಹೆಚ್ಚಾಯಿತು, ಗವಾಕ್ಷಿಗೆ ಮತ್ತೆ ಚಪ್ಪಡಿ ಬಿತ್ತು.

"ನೀ ಕಟ್ಟಿ ಮ್ಯಾಲೆ ಕುಂದ್ರು. ಯಾರರ ಬಂದ್ರ ಕೂಗು."

ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಒಳಗೆ ನೀಲಿ ಕೆಮ್ಮುತ್ತಿದ್ದಳು. ಎದುರಿನ ಶಾಂತಮ್ಮ ತನ್ನ ಹೊಸ್ತಿಲಿಗೆ ಬಂದು, ಏನು ವಾಸನೆ ಎಂದು ಕೇಳಿದಾಗ, ಎತ್ತಿಗೆ ಸೊಳ್ಳೆ ಕಡಿಯದಿರಲೆಂದು ಹೊಗೆ ಹಾಕಿದ್ದೇವೆ ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಕೆಮ್ಮು ಜೋರಾಯಿತು, ಆಮೇಲೆ ನಿಂತಿತು. ಕಫ ಕರಗಿತು ಎಂದುಕೊಂಡೆ. ಅಷ್ಟರಲ್ಲಿ ಅಜ್ಜಿ ನನ್ನ ಹೆಸರು ಹಿಡಿದು ಕೂಗಿದಳು, ನಾನು ಒಳಗೆ ಓಡಿದೆ. ನೀಲಿಗೆ ಕೆಮ್ಮಲೂ ಉಸಿರು ಉಳಿದಿರಲಿಲ್ಲ. ಕಣ್ಣು ದೊಡ್ಡದು ಮಾಡಿ ನಮ್ಮನ್ನೇ ನೋಡುತ್ತಿದ್ದಳು, ತುಟಿ ಕಪ್ಪಿಟ್ಟಿತ್ತು.

ಕೂಗು ಕೇಳಿ ಬಂದ ಶಾಂತಮ್ಮ ಅವಳನ್ನು ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು, ಹಿಂದೆ ಅಜ್ಜಿ, ಹಿಂದೆ ನಾನು. ಬಳ್ಳಾರಿ ಬಸ್ಸು ಹೊರಡುವುದರಲ್ಲಿತ್ತು. ಕೂಸನ್ನು ನೋಡಿ ಜನ ತಾವಾಗಿ ಎದ್ದು ಸೀಟು ಬಿಟ್ಟರು. ಎಲ್ಲೂ ನಿಲ್ಲಿಸಬೇಡ ಎಂದು ನಡುವಿನ ಊರುಗಳಲ್ಲಿ ಇಳಿಯಬೇಕಾದವರೇ ಡ್ರೈವರಿಗೆ ಹೇಳಿದರು. ಬಸ್ಸು ಓಡತೊಡಗಿದಾಗ ಗಾಳಿ ನೇರ ನೀಲಿಯ ಮುಖಕ್ಕೆ ಬೀಸಿತು. ಅಜ್ಜಿಯ ಕೈ ತಾನಾಗಿ ಮೇಲಕ್ಕೆ ಹೋಗಿ ಕಿಟಕಿಯ ತಾಡಪಾಲಿನ ಪರದೆ ಕೆಳಕ್ಕೆ ಎಳೆಯಿತು.

"ಥಂಡಿ ಗಾಳಿ ಹೊಡಿತೈತಿ ಕೂಸಿಗೆ."

ನೀಲಿ ಅರ್ಧ ಮುಚ್ಚಿದ ಕಿಟಕಿಯ ಕಡೆಗೆ ಕುತ್ತಿಗೆ ಚಾಚಿ ಬಾಯಿ ತೆರೆದಳು. ನಾನು ಅಜ್ಜಿಯ ಕೈ ಹಿಡಿದೆ.

"ತಗಿ ಅಜ್ಜಿ. ಗಾಳಿ ಬಿಡು ಆಕಿಗೆ."

ಅಜ್ಜಿ ನನ್ನನ್ನು ನೋಡಿದಳು, ನೀಲಿಯನ್ನು ನೋಡಿದಳು, ಪರದೆ ಮೇಲಕ್ಕೆ ಸರಿಸಿದಳು. ಆಮೇಲೆ ನೀಲಿಯ ಕುಲಾಯಿಯನ್ನೂ ಬಿಚ್ಚಿದಳು. ಬಳ್ಳಾರಿ ಬರುವವರೆಗೆ ನಾನು ನೀಲಿಯ ಉಸಿರು ಎಣಿಸಿದೆ. ಎಷ್ಟೋ ಸಲ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದೆ.

ಆಸ್ಪತ್ರೆಯಲ್ಲಿ ಸೂಜಿ ಹಾಕಿ, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರು. ಸಂಜೆಯ ಹೊತ್ತಿಗೆ ಅವಳ ತುಟಿಗೆ ಬಣ್ಣ ಬಂತು. ಯಾರೋ ಸುದ್ದಿ ಮುಟ್ಟಿಸಿ ಅಪ್ಪ ಅವ್ವ ಸಿರುಗುಪ್ಪದಿಂದ ಬಂದರು. ಅವ್ವನ ಮುಡಿಯಲ್ಲಿ ಕುಬಸದ ಮಲ್ಲಿಗೆ ಹಾಗೆಯೇ ಇತ್ತು. ಡಾಕ್ಟರು ಮತ್ತೆ ಹೊಗೆ ಏನಾದರೂ ಹಾಕಿದಿರಾ ಎಂದು ಕೇಳಿದರು.

"ಇಲ್ರಿ," ಎಂದಳು ಅವ್ವ. "ಲೋಬಾನ ಮನ್ಯಾಗ ಇಟ್ಟ ಇಲ್ರಿ."

"ಐತಿ," ಎಂದಳು ಅಜ್ಜಿ. "ನನ್ನ ಟ್ರಂಕಿನ್ಯಾಗ ಐತಿ. ನಾನ ಹಾಕಿದೆ. ಮನ್ಯಾಗ ಯಾರಿಗೂ ಗೊತ್ತಿಲ್ರಿ."

ಅಪ್ಪ ಗೋಡೆಯ ಕಡೆ ತಿರುಗಿದ. ಅವ್ವ ಕೂತಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಮಂಚದ ಕಬ್ಬಿಣ ಹಿಡಿದು ನಿಂತಿದ್ದೆ. ನನಗೂ ಗೊತ್ತಿತ್ತು ಎಂಬ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.

ಮರುದಿನ ಎಸ್ತರಮ್ಮ ಕಂಟೋನ್ಮೆಂಟಿನ ಮನೆಯಿಂದ ಗಂಜಿ ತಂದರು. ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು.

"ನಾನೂ ತಪ್ಪು ಮಾಡೀನಮ್ಮಾ. ಕೇಳದ ನಿಮ್ಮ ಕೌದಿ ತಗೊಂಡೆ. ನಿಮಗ ಮೊದ್ಲು ಹೇಳಿ, ಆಮ್ಯಾಲೆ ಓಣಿಗೆ ಹೇಳಬೇಕಿತ್ತು."

"ಹೇಳಿದ್ರೂ ನಾ ಕೇಳ್ತಿದ್ದಿಲ್ಲವ್ವ," ಎಂದಳು ಅಜ್ಜಿ.

ನೀಲಿ ಮನೆಗೆ ಬಂದ ಮೇಲಿನ ಬುಧವಾರ ಎಸ್ತರಮ್ಮ ಬಸ್ಸಿಳಿದಾಗ ಅಜ್ಜಿ ಅಲ್ಲಿ ಕಾಯುತ್ತ ನಿಂತಿದ್ದಳು. ಅವತ್ತಿನಿಂದ ಇಬ್ಬರೂ ಕೂಡಿ ಮನೆಮನೆಗೆ ಹೋದರು. ಸಾಲೆ ಬಿಟ್ಟ ಮೇಲೆ ನಾನೂ ಅಜ್ಜಿಯ ಕೈ ಹಿಡಿದು ಹೋಗುತ್ತಿದ್ದೆ, ಅವಳಿಗೆ ಕಣ್ಣು ಮಂಜಾಗಿತ್ತು. ನರ್ಸಮ್ಮನ ಮಾತಿಗೆ ತಲೆಯಾಡಿಸಿ ಮರೆಯುತ್ತಿದ್ದ ಹೆಂಗಸರು ಅಜ್ಜಿಯ ಮಾತಿಗೆ ಎದ್ದು ಹೋಗಿ ಗವಾಕ್ಷಿ ತೆರೆಯುತ್ತಿದ್ದರು. ಅವಳು ಹೇಳುತ್ತಿದ್ದದ್ದು ಇಷ್ಟೇ: ನನ್ನ ಕೈಯಾರೆ ನನ್ನ ಮೊಮ್ಮಗಳ ಉಸಿರು ಕಟ್ಟಿಸಿದೆ, ನೀವು ಕಟ್ಟಿಸಬೇಡಿರಿ. ಜೊತೆಗೆ ಪ್ರತಿ ಮನೆಯಲ್ಲೂ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಸೇರಿಸುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದೆ; ಎತ್ತಿಗೆ ಹಾಕಿದ ಹೊಗೆ ಎಂದ ನನ್ನ ಸುಳ್ಳನ್ನು ಶಾಂತಮ್ಮನೂ ಯಾರ ಮುಂದೂ ಎತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಸಿರುಗುಪ್ಪದಲ್ಲಿ ಚಿಕ್ಕಮ್ಮನ ಕೂಸನ್ನು ತೊಟ್ಟಿಲಿಗೆ ಹಾಕಿದರು. ಹೆಸರಿಡುವ ಮೊದಲು ಕೂಸಿಗೆ ಬಸಮ್ಮನ ಕೈಯಿಂದಲೇ ಹೊಗೆ ಆಗಬೇಕೆಂದು ಕೆಂಡ, ಲೋಬಾನ, ಬುಟ್ಟಿ ಎಲ್ಲವನ್ನೂ ಮರ್ಯಾದೆಯಿಂದ ತಂದು ಅವಳ ಮುಂದಿಟ್ಟರು. ಅಜ್ಜಿ ಅದನ್ನು ಕೈಯಿಂದ ಹಿಂದಕ್ಕೆ ಸರಿಸಿ, ತುಂಬಿದ ಪಡಸಾಲೆಯಲ್ಲಿ ತನ್ನ ತಪ್ಪನ್ನು ಮತ್ತೊಮ್ಮೆ ಹೇಳಿದಳು. ಹಿರಿಯ ಹೆಂಗಸೊಬ್ಬಳಿಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ಬೊಟ್ಟು ಮಾಡಿದಳು.

"ಈ ಹುಡುಗಿ ಮನ್ಯಾಗ ಇತ್ತಲ್ಲ. ಇದರ ನೋಡಲಿಲ್ಲೇನು?"

ಅಜ್ಜಿ ನನಗಿಂತ ಮೊದಲು ಬಾಯಿ ತೆರೆದಳು.

"ಇಲ್ಲವ್ವ, ಪಾಪ. ಅದು ಸಾಲಿಗೆ ಹೋಗಿತ್ತು."

ನೀಲಿಗೆ ಉಸಿರು ಕಟ್ಟಿದ ಆ ದಿನ ಭಾನುವಾರ, ಸಾಲೆಯೇ ಇರಲಿಲ್ಲ. ಕುಬಸ ಭಾನುವಾರವೇ ಆಗಿತ್ತು, ಆ ಪಡಸಾಲೆಯಲ್ಲೇ ಆಗಿತ್ತು, ಅವ್ವ ಅವತ್ತು ಅಲ್ಲೇ ಇದ್ದಳು. ಕೂಸಿಗೆ ಅಂಗಿ ತೊಡಿಸುತ್ತಿದ್ದ ಅವ್ವನ ಕೈ ನಿಂತಿತು. ಅವಳು ಅಜ್ಜಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ಎದ್ದು, ಕೆಂಡದ ಗಡಿಗೆಯನ್ನು ಎತ್ತಿ ಹಿತ್ತಲಿಗೆ ಒಯ್ದು ನೀರು ಸುರಿದು ಬಂದು, ಅಂಗಿಯ ಉಳಿದ ಗುಂಡಿ ಹಾಕಿದಳು. ಆ ದಿನವೂ ಏನೂ ಕೇಳಲಿಲ್ಲ, ಮುಂದೆ ತಾನು ಬದುಕಿದ್ದ ಅಷ್ಟೂ ವರ್ಷ ಕೇಳಲಿಲ್ಲ. ನೀಲಿ ಮದುವೆಯಾಗಿ, ಮಕ್ಕಳನ್ನು ಹೆತ್ತು, ಬಳ್ಳಾರಿಯಲ್ಲಿ ಚೆನ್ನಾಗಿದ್ದಾಳೆ. ಅವಳಿಗೆ ಅಜ್ಜಿ ಹೇಳಿದಷ್ಟೇ ಗೊತ್ತು. ಅವ್ವ ಅವತ್ತು ಎಲ್ಲರ ಮುಂದೆ ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ನಾನು ಅತ್ತು, ಮರೆತು, ಮಲಗಿಬಿಡುತ್ತಿದ್ದೆ.